ಅರ್ಜಿ ಹಾಕದೆ ಕಳೆದ ಎರಡು ವರ್ಷ

ಬಿ.ಕಾಂ. ಕೊನೆಯ ವರ್ಷದ ಪರೀಕ್ಷೆಗೆ ಇನ್ನೂ ಮೂರು ತಿಂಗಳಿರುವಾಗಲೇ ಎಂ.ಬಿ.ಎ. ಅರ್ಜಿ ನಮ್ಮ ಮನೆಗೆ ಬಂದಿತ್ತು. ತರಿಸಿದವನು ನನ್ನ ಸೋದರಮಾವ. ಹರಪನಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಅವನಿಗೆ ಯಾವ ಕೋರ್ಸಿಗೆ ಯಾವತ್ತು ಕೊನೆಯ ದಿನ ಎನ್ನುವುದೆಲ್ಲ ಬಾಯಿಪಾಠ. ಕೊಟ್ಟೂರಿನ ನಮ್ಮ ಮನೆಯಲ್ಲಿ ಡಿಗ್ರಿಯವರೆಗೆ ಬಂದವಳು ನಾನೇ ಮೊದಲು. ಅಪ್ಪ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಸಂತೆಯಿಂದ ಸಂತೆಗೆ ಸ್ಟೀಲ್ ಪಾತ್ರೆ ಹೊತ್ತು ಮಾರಿ, ಆಮೇಲೆ ಊರಲ್ಲೇ ಅಂಗಡಿ ಇಟ್ಟವರು. ಹಾಗಾಗಿ ಓದಿನ ವಿಷಯದಲ್ಲಿ ಮಾವನ ಮಾತೇ ಕೊನೆ.

"ಈ ವರ್ಷಾನೇ ಹಾಕಿಬಿಡಮ್ಮ. ಒಂದು ವರ್ಷ ಮನ್ಯಾಗ ಕುಂತಿ ಅಂದ್ರ ಗಂಡು ನೋಡಾಕ ಶುರು ಮಾಡ್ತಾರ. ಆಮ್ಯಾಲೆ ಎಂ.ಬಿ.ಎ.ನೂ ಇಲ್ಲ, ಏನೂ ಇಲ್ಲ" ಎಂದಿದ್ದ ಮಾವ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ನನ್ನ ದೊಡ್ಡಪ್ಪನ ಮಗಳು ಟೀಚರ್ ಟ್ರೈನಿಂಗಿಗೆ ಮುಂದಿನ ವರ್ಷ ಹೋದರಾಯಿತು ಎಂದವಳು, ಮುಂದಿನ ವರ್ಷ ಬರುವ ಹೊತ್ತಿಗೆ ಗಂಡನ ಮನೆಯಲ್ಲಿದ್ದಳು.

ಅರ್ಜಿಯ ಮೊದಲ ಪುಟಗಳೆಲ್ಲ ಸಲೀಸು. ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು: ನೀವು ಕೆಲಸ ಮಾಡಿದ ಅಥವಾ ಹತ್ತಿರದಿಂದ ಕಂಡ ಯಾವುದಾದರೂ ಸಂಸ್ಥೆಯ ಒಂದು ಸಮಸ್ಯೆಯನ್ನು ವಿವರಿಸಿ, ಅದು ನಿಮ್ಮನ್ನು ಮ್ಯಾನೇಜ್‌ಮೆಂಟ್ ಓದಿನತ್ತ ಹೇಗೆ ತಂದಿತು ಬರೆಯಿರಿ. ನಾನು ಯಾವ ಸಂಸ್ಥೆಯನ್ನೂ ಕಂಡಿರಲಿಲ್ಲ. ಗೈಡಿನಲ್ಲಿದ್ದ ಜಪಾನಿನ ಕಾರ್ ಕಾರ್ಖಾನೆಯ ಕಥೆಯನ್ನು ಅಲ್ಲಿಲ್ಲಿ ಬದಲಿಸಿ ಇಂಗ್ಲಿಷಿನಲ್ಲಿ ಬರೆದೆ. ಅಲ್ಲಿಯವರೆಗೆ ನಾನು ಕಾರಿನಲ್ಲಿ ಕೂತದ್ದು ಎರಡೇ ಸಲ, ಎರಡೂ ಮದುವೆಯ ದಿಬ್ಬಣಗಳಲ್ಲಿ. ಅವ್ವ ಬಗ್ಗಿ ನೋಡಿ, "ಎಷ್ಟು ದುಂಡಗ ಬರದೀಯಲ್ಲ!" ಎಂದು ಮೆಚ್ಚಿಕೊಂಡಾಗ ನನಗೆ ಕಾಪಿ ಹೊಡೆದು ಸಿಕ್ಕಿಬಿದ್ದ ಹಾಗಾಯಿತು.

ಆ ಶನಿವಾರ ಅಪ್ಪ ಅಂಗಡಿ ತೆರೆಯುವ ಮೊದಲು ನನ್ನನ್ನು ಪೋಸ್ಟ್ ಆಫೀಸಿಗೆ ಕರೆದುಕೊಂಡು ಹೋದರು. ಅವರು ಹೊರಗೆ ಸ್ಕೂಟರ್ ಹತ್ತಿರ ನಿಂತರು. ನಾನು ರಿಜಿಸ್ಟರ್ಡ್ ಪೋಸ್ಟಿನ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಕೌಂಟರಿನವರು ಲಕೋಟೆ ತಿರುಗಿಸಿ ವಿಳಾಸ ಓದಿ, "ಏನ್ ಅರ್ಜಿರಿ ಇದು? ನೌಕರಿದೇನು?" ಎಂದರು.

"ಅಲ್ರಿ, ಎಂ.ಬಿ.ಎ.ದು."

"ನನ್ನ ಮಗಳೂ ಅದನ್ನ ಮಾಡ್ತೀನಿ ಅಂತಾಳ. ಅದನ್ನ ಓದಿ ಏನು ಮಾಡೋದಿರತೈತಿ?"

ಅವರು ಕೆಣಕಲು ಕೇಳಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ, ಗೊತ್ತಿದ್ದವಳು ಸಿಕ್ಕಳು ಎಂದು ಕೇಳಿದ್ದರು. ನನಗೆ ನೆನಪಾದದ್ದು ಲಕೋಟೆಯೊಳಗಿನ ಜಪಾನಿನ ಕಾರ್ಖಾನೆ ಮಾತ್ರ. ಹಿಂದಿದ್ದವರು ಕೆಮ್ಮಿದರು. "ಆಮ್ಯಾಲೆ ಬರ್ತೀನ್ರಿ" ಎಂದು ಲಕೋಟೆ ವಾಪಸ್ ಇಸಿದುಕೊಂಡು ಸಾಲಿನಿಂದ ಈಚೆ ಬಂದುಬಿಟ್ಟೆ.

"ಆತೇನು?" ಅಪ್ಪ ಕೇಳಿದರು.

"ಇಲ್ಲಪ್ಪ. ಹಾಕ್ಲಿಲ್ಲ."

ಬೈಯುತ್ತಾರೆ ಎಂದುಕೊಂಡೆ. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡು, "ಬಾ, ಚಾ ಕುಡಿಯೋಣ" ಎಂದರು. ಎದುರಿನ ಹೋಟೆಲಿನಲ್ಲಿ ಕೂತ ಮೇಲೆ ನಿಧಾನಕ್ಕೆ ಕೇಳಿದರು, "ನಿನಗ ಓದೋದು ಬ್ಯಾಡಾಗೈತೇನು?"

"ಬ್ಯಾಡ ಅಂತಲ್ಲ. ಈಗ ಬ್ಯಾಡ. ಯಾಕ ಓದ್ತೀನಿ ಅನ್ನೋದೇ ನನಗ ಗೊತ್ತಿಲ್ಲಪ್ಪ. ಅರ್ಜಿ ತುಂಬ ಸುಳ್ಳು ಬರದೀನಿ."

ಅಪ್ಪ ನಕ್ಕರು. "ನಾನೂ ಹದಿನೈದು ದಿನದಿಂದ ಹೇಳ್ಬೇಕಂತಿದ್ದೆ. ಈ ಹುಡುಗಿ ಸಣ್ಣಾಕಿ ಅದಾಳ, ಇನ್ನೊಂದು ಸ್ವಲ್ಪ ತಡೀಲಿ ಅಂತ ಅನಸ್ತಿತ್ತು. ನಿನ್ನ ಮಾರಿ ನೋಡಿದ್ರ ಹೋಗೇ ಬಿಡ್ತೀನಿ ಅನ್ನೋ ಹಂಗಿದ್ದಿ. ಓದಾಕ ಅಪ್ಪನೇ ಅಡ್ಡ ಬಂದ ಅಂತ ಆಗಬಾರದು ಅಂತ ಸುಮ್ಮನಿದ್ದೆ."

ಅಪ್ಪನಿಗೆ ಬೇಕು ಎಂದು ನಾನು, ನನಗೆ ಬೇಕು ಎಂದು ಅಪ್ಪ! ಎದೆಯ ಮೇಲಿಂದ ಚೀಲ ಇಳಿಸಿದಷ್ಟು ಹಗುರಾಯಿತು. ಆ ಧೈರ್ಯದಲ್ಲೇ ಇನ್ನೊಂದು ಮಾತು ಕೇಳಿದೆ: ಎರಡು ವರ್ಷ ಎಲ್ಲಾದರೂ ಕೆಲಸ ಮಾಡುತ್ತೇನೆ, ಅಲ್ಲಿಯವರೆಗೆ ಗಂಡು ನೋಡಬಾರದು. ಅಪ್ಪ ಚಹಾ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ, "ಎರಡು ವರ್ಷ ಅಂದ್ರ ಎರಡು ವರ್ಷ. ನಿಮ್ಮವ್ವಗ ನಾ ಹೇಳ್ತೀನಿ" ಎಂದರು. ಮಾವ ಮಾತ್ರ ಮೂರು ತಿಂಗಳು ನಮ್ಮ ಮನೆಗೆ ಬರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಕೆಲಸ ಸಿಕ್ಕಿದ್ದು ಹಗರಿಬೊಮ್ಮನಹಳ್ಳಿಯಲ್ಲಿ, ಪಂಪ್‌ಸೆಟ್ ಮೋಟಾರಿನ ಸುಟ್ಟ ತಂತಿ ತೆಗೆದು ಹೊಸದಾಗಿ ಸುತ್ತಿಕೊಡುವ ಅಂಗಡಿಯಲ್ಲಿ. ಯಜಮಾನರು ಅಪ್ಪ ಸಂತೆ ತಿರುಗುತ್ತಿದ್ದ ಕಾಲದ ಗೆಳೆಯರು, ಊರಿಗೆಲ್ಲ ಸಾಹೇಬರು. ಐದು ಜನ ಕೆಲಸಗಾರರಿದ್ದರು. ಮೋಟಾರ್ ತಂದವರ ಹತ್ತಿರ ಮಾತಾಡಿ ಇಳಿಸಿಕೊಳ್ಳುವುದು, ಯಾವಾಗ ಕೊಡುತ್ತೇವೆಂದು ಹೇಳುವುದು, ಫೋನ್ ತೆಗೆಯುವುದು ನನ್ನ ಕೆಲಸ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ವಾಪಸ್ ಬರುತ್ತಿದ್ದೆ.

ಎರಡನೆಯ ತಿಂಗಳಲ್ಲೇ ಎಡವಟ್ಟು ಮಾಡಿದೆ. ಒಂದೇ ಕಂಪನಿಯ, ಒಂದೇ ಹಸಿರು ಬಣ್ಣದ ಎರಡು ಮೋಟಾರ್ ಬಂದಿದ್ದವು. ಇಟ್ಟಿಗಿ ಎಂಬ ಊರಿನವರದು ರಿಪೇರಿ ಆಗಿತ್ತು, ಕೂಡ್ಲಿಗಿ ಕಡೆಯವರದು ಆಗಿರಲಿಲ್ಲ. ನಾನು ಆಗದೇ ಇದ್ದದ್ದನ್ನು ಇಟ್ಟಿಗಿಯ ಟೆಂಪೋಕ್ಕೆ ಹಾಕಿಸಿದೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಆ ರೈತ ಬಂದು ಬಾಗಿಲಲ್ಲೇ ನಿಂತ.

"ದಿನಕ್ಕ ಮೂರು ತಾಸು ಕರೆಂಟ್ ಕೊಡ್ತಾರಮ್ಮ. ಹಚ್ಚಿದ ಕೂಡ್ಲೆ ಹೊಗಿ ಬಂತು. ಒಂದಿನದ ನೀರು ಹೋತಲ್ಲ, ಅದನ್ನ ಎಲ್ಲಿಂದ ತಂದು ಕೊಡ್ತಿ?"

ನನ್ನ ಕಣ್ಣು ತುಂಬಿತು. ಸಾಹೇಬರು ಅವನನ್ನು ಕೂರಿಸಿ, ನನ್ನ ಕಡೆ ತಿರುಗಿದರು. "ತಪ್ಪು ಯಾರದು?"

"ನಂದೇರಿ."

"ನಂದು ಅಂದ್ರ ಮುಗೀಲಿಲ್ಲ ಬೇಟಿ. ನೀನು ರಜಾ ಹಾಕಿದ ದಿನಾನೂ ಇಲ್ಲಿ ಈ ತಪ್ಪು ಆಗಬಾರದು. ಹಂಗಾಗದಂಗ ಏನ್ ಮಾಡ್ತಿ ಹೇಳು."

ಅವತ್ತು ಸಾಹೇಬರು ಮತ್ತು ಆ ರೈತನ ಜೊತೆ ಟೆಂಪೋದಲ್ಲಿ ನಾನೂ ಇಟ್ಟಿಗಿಗೆ ಹೋದೆ. ಸರಿಯಾದ ಮೋಟಾರ್ ಕೂರಿಸಿ, ಕರೆಂಟ್ ಬರುವವರೆಗೆ ಬದುವಿನ ಮೇಲೆ ಕೂತೆವು. ರೈತನ ಹೆಂಡತಿ ಮಜ್ಜಿಗೆ ಕೊಟ್ಟಳು. ಪೈಪಿನಿಂದ ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು ಬಂತು. ರೈತ ನನ್ನ ಕಡೆ ನೋಡಿ, "ಹೋಗ್ಲಿ ಬಿಡವ್ವ, ಬಂತಲ್ಲ" ಎಂದ. ಕಾಲುವೆಯಲ್ಲಿ ಕೈ ಅದ್ದಿ ಮುಖ ತೊಳೆದುಕೊಂಡೆ.

ಅಪ್ಪನ ಅಂಗಡಿಯಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಮಿಷನ್ ಇತ್ತು. ಒಂದು ಭಾನುವಾರ ಅಪ್ಪ, ನಾನು ಕೂತು ತಗಡಿನ ಬಿಲ್ಲೆಗಳ ಮೇಲೆ ಊರು, ನಂಬರ್ ಕೊರೆದೆವು. ಮೋಟಾರ್ ಒಳಗೆ ಬಂದ ಕೂಡಲೆ ಒಂದೇ ನಂಬರಿನ ಬಿಲ್ಲೆ ಅದಕ್ಕೊಂದು, ತಂದವರ ಕೈಗೊಂದು. ಅದಲುಬದಲಾಗುವುದು ನಿಂತಿತು. ಆದರೆ ಆ ದಿನದಿಂದ ನನ್ನ ತಲೆಯೊಳಗೆ ಬೇರೆಯೇ ಹುಳ ಹೊಕ್ಕಿತು. ಹಗಲು ಹೊತ್ತಿನ ಕರೆಂಟ್ ಊರೂರಿಗೆ ವಾರದ ಸರದಿಯಲ್ಲಿ ಬರುತ್ತಿತ್ತು; ಯಾವ ವಾರ ಯಾವ ಊರಿಗೆ ಎಂದು ಬಂದವರನ್ನೆಲ್ಲ ಕೇಳತೊಡಗಿದೆ. ಮೊದಲು ಬಂದದ್ದನ್ನು ಮೊದಲು ಸುತ್ತುವುದಕ್ಕಿಂತ, ಕರೆಂಟಿನ ಸರದಿ ಮೊದಲು ಬರುವ ಊರಿನದನ್ನು ಮೊದಲು ಸುತ್ತಿದರೆ ಯಾರಿಗೂ ನೀರು ತಪ್ಪುವುದಿಲ್ಲವಲ್ಲ? ತಂತಿ ಸುತ್ತುವ ಹಿರಿಯ ಮೇಸ್ತ್ರಿ ಒಪ್ಪಲಿಲ್ಲ. "ಮೊದಲು ಬಂದವ ಬಾಗ್ಲಾಗ ಕುಂತಿರ್ತಾನ, ಅವನ ಮಾರಿ ನೋಡೋರು ಯಾರು?" ಎಂದರು. ಆ ಮಾತಿನಲ್ಲೂ ಅರ್ಥವಿತ್ತು. ಆದರೂ ಮಾಡಿ ನೋಡೋಣ ಎಂದರು ಸಾಹೇಬರು; ಒಂದು ತಿಂಗಳು ನನ್ನ ರೀತಿ ಚೆನ್ನಾಗಿ ನಡೆಯಿತು, ಮುಂದಿನ ತಿಂಗಳು ಎಲ್ಲ ಮೋಟಾರ್ ಒಮ್ಮೆಲೇ ಬಾಕಿ ಬಿದ್ದು ಕೆಲಸ ಸಿಕ್ಕಿಕೊಂಡಿತು. ಯಾಕೆ ನಡೆಯಿತು, ಯಾಕೆ ಕೆಟ್ಟಿತು, ಎರಡೂ ನನಗೆ ತಿಳಿಯಲಿಲ್ಲ. ಸಾಹೇಬರಿಗೂ ತಿಳಿಯಲಿಲ್ಲ. ಇದನ್ನು ಲೆಕ್ಕ ಹಾಕಿ ಹೇಳಿಕೊಡುವವರು ಎಲ್ಲೋ ಇರಲೇಬೇಕು ಎಂದು ಬಸ್ಸಿನ ಕಿಟಕಿಯ ಪಕ್ಕ ಕೂತು ಯೋಚಿಸುತ್ತಿದ್ದೆ. ಯಾಕೆ ಓದಬೇಕು ಎಂಬ ಪ್ರಶ್ನೆ ಆಮೇಲೆ ನನ್ನನ್ನು ಕಾಡಲಿಲ್ಲ.

ಎರಡನೆಯ ವರ್ಷ ಹಡಗಲಿಯಿಂದ ಒಂದು ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿದ್ದ, ಮನೆತನ ಒಳ್ಳೆಯದು. ಅವ್ವ ಆಸೆಪಟ್ಟಳು. "ಒಂದ್ಸಲ ನೋಡಿದ್ರ ಏನ್ ಹೋಗತೈತಿ?" ಎಂದಳು. ಅಪ್ಪ ಕೈತೊಳೆದುಕೊಂಡು ಬಂದು, "ಇನ್ನೂ ನಾಲ್ಕು ತಿಂಗಳೈತಿ. ಮಾತು ಕೊಟ್ಟೀನಿ" ಎಂದಷ್ಟೇ ಹೇಳಿ ಅಂಗಡಿಗೆ ಹೋದರು. ಅವ್ವ ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ನನ್ನ ತಲೆ ಬಾಚುತ್ತಾ, "ಅರ್ಜಿ ಯಾವಾಗ ಹಾಕ್ತಿ?" ಎಂದು ಕೇಳಿದಳು. ಆ ವಾರವೇ ಹಾಕಿದೆ. ಕೊನೆಯ ಪುಟಕ್ಕೆ ಜಾಗ ಸಾಲದೆ ಬೇರೆ ಹಾಳೆ ಹಚ್ಚಬೇಕಾಯಿತು.

ಸಂದರ್ಶನ ಹುಬ್ಬಳ್ಳಿಯಲ್ಲಿ. ಮೂವರು ಮೇಷ್ಟ್ರುಗಳು. ಡಿಗ್ರಿ ಮುಗಿದು ಎರಡು ವರ್ಷ ಏಕೆ ತಡವಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಇಂಗ್ಲಿಷ್ ಮೂರನೆಯ ವಾಕ್ಯಕ್ಕೇ ತೊಡರಿತು. ನಡುವೆ ಕೂತಿದ್ದವರು, "ಕನ್ನಡದಾಗ ಹೇಳ್ರಿ, ನಮಗೂ ತಿಳೀತೈತಿ" ಎಂದರು. ಮೋಟಾರುಗಳ ಕಥೆ ಹೇಳಿದೆ. ಅವರಲ್ಲೊಬ್ಬರು ಹಾಳೆಯ ಮೇಲೆ ಗೆರೆ ಎಳೆದು ನನ್ನ ಸರದಿ ಎಲ್ಲಿ ಸಿಕ್ಕಿಕೊಂಡಿರಬಹುದು ಎಂದು ತೋರಿಸಿದರು. ಇನ್ನೊಬ್ಬರು ಅದು ತಪ್ಪು ಎಂದರು. ನಾನಿರುವುದನ್ನೇ ಮರೆತು ಇಬ್ಬರೂ ವಾದಕ್ಕೆ ಬಿದ್ದರು. ಕೊನೆಗೆ ಯಾರದು ಸರಿ ಎಂದು ನನ್ನನ್ನೇ ಕೇಳಿದಾಗ, ಗೊತ್ತಿಲ್ಲ ಎಂದು ಹೇಳಲು ಅವತ್ತು ನನಗೆ ಒಂದಿಷ್ಟೂ ಹೆದರಿಕೆಯಾಗಲಿಲ್ಲ.

ಸೀಟು ಸಿಕ್ಕ ಪತ್ರ ಬಂದದ್ದು ಮಧ್ಯಾಹ್ನದ ಟಪಾಲಿಗೆ. ಅವ್ವ ಅಂಗಡಿಗೆ ನಡೆದುಕೊಂಡೇ ಹೋಗಿ ಅಪ್ಪನಿಗೆ ಕೊಟ್ಟಳಂತೆ. ಅಪ್ಪ ಹಗರಿಬೊಮ್ಮನಹಳ್ಳಿಗೆ ಫೋನ್ ಮಾಡಿದರು. ನಾನು ಆಗಷ್ಟೇ ಬಂದ ಮೋಟಾರಿಗೆ ಬಿಲ್ಲೆ ಕಟ್ಟುತ್ತಿದ್ದೆ. ಫೋನ್ ಇಟ್ಟು ಸಾಹೇಬರಿಗೆ ಹೇಳಿದೆ. ಅವರು ಸಂತೋಷಪಟ್ಟು ಎಲ್ಲರಿಗೂ ಚಹಾ ತರಿಸಿದರು. ಮೇಸ್ತ್ರಿ ತಂತಿಯಿಂದ ಕಣ್ಣು ಎತ್ತದೆ, "ಕಲ್ತು ಬಾರವ್ವ. ಆಮ್ಯಾಲೆ ಜಗಳಾಡೋಣ" ಎಂದರು.