ಟವೆಲ್ ಹಾಕಿ ಹಿಡಿದ ಸೀಟು

ಮೊಮ್ಮಗಳು ಚಿಕ್ಕಮಗಳೂರಿನಲ್ಲಿ ಕಾಲೇಜು ಓದುತ್ತಾಳೆ. ಒಂದು ಭಾನುವಾರ ಮನೆಗೆ ಬಂದವಳು ಫೋನಿನಲ್ಲಿ ಗೆಳತಿಗೆ, "ಅವ್ನಾ? ಸುಮ್ನೆ ಫ್ಲರ್ಟ್ ಮಾಡ್ತಾನೆ ಕಣೇ, ಅಷ್ಟೇ" ಎಂದು ನಗುತ್ತಿದ್ದಳು. ಹಾಗಂದರೇನು ಎಂದು ಕೇಳಿದೆ.

"ಒಬ್ರ ಮೇಲೆ ಇಷ್ಟ ಇರೋ ಥರ ಆಡೋದು ಅಜ್ಜ. ಸೀರಿಯಸ್ ಅಲ್ಲ."

"ಟೈಂಪಾಸ್ ಅಂತೀರಲ್ಲ, ಅದೇನು ಮತ್ತೆ?"

"ಅದಕ್ಕೆ ಇಷ್ಟಾನೂ ಬೇಕಾಗಿಲ್ಲ. ಯಾಕಜ್ಜ, ನಿಂಗೀಗ ಯಾರು ಸಿಕ್ಕಿದ್ರು?"

ನಾನೂ ನಕ್ಕೆ. ಆದರೆ ಅವಳು ಹೋದ ಮೇಲೆ ಹೈಸ್ಕೂಲಿನ ಕಾಲದ ನಿಘಂಟು ತೆಗೆದೆ. ಫ್ಲರ್ಟ್ ಎಂದರೆ ಚೆಲ್ಲಾಟವಾಡು ಎಂದಿತ್ತು. ಅದರ ಪಕ್ಕದಲ್ಲೇ ಕೊಟ್ಟಿದ್ದ ಡ್ಯಾಲಿ ಎಂಬ ಇನ್ನೊಂದು ಇಂಗ್ಲಿಷ್ ಪದಕ್ಕೆ ಸರಸವಾಡು ಎಂದೂ ಇತ್ತು, ಕಾಲಹರಣ ಮಾಡು ಎಂದೂ ಇತ್ತು. ಎರಡೂ ಒಂದೇ ಹೇಗಾಗುತ್ತದೆ ಎಂದು ತಿಳಿಯಲಿಲ್ಲ. ಹರೆಯದಲ್ಲಿ ನಾನು ಮಾಡಿದ್ದು ಇವುಗಳಲ್ಲಿ ಯಾವುದು ಎಂಬುದಂತೂ ತಿಳಿಯಲೇ ಇಲ್ಲ.

ಆಗ ನಾನು ಮೂಡಿಗೆರೆಯ ಒಂದು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಸಂಜೆ ಬಾಳೂರಿನ ಕಡೆ ಹೋಗುವ ಬಸ್ಸಿಗೆ ಭಾರಿ ನೂಕುನುಗ್ಗಲು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿದರೆ ಆ ಸೀಟು ನಮ್ಮದು, ಯಾರೂ ತಕರಾರು ಮಾಡುತ್ತಿರಲಿಲ್ಲ. ಹೊಲಿಗೆ ಕ್ಲಾಸಿಗೆ ಬರುತ್ತಿದ್ದ ನಮ್ಮೂರ ಕಡೆಯ ಹುಡುಗಿಯೊಬ್ಬಳಿಗೆ ಒಂದು ದಿನ ಹಾಗೆ ಸೀಟು ಹಿಡಿದುಕೊಟ್ಟೆ. ಆಮೇಲೆ ದಿನವೂ. ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಲ್ಲುತ್ತಿದ್ದೆ.

"ನಾಳೆಯಿಂದ ಸೀಟಿಗೆ ಬಾಡಿಗೆ ಕೊಡಬೇಕಾಗುತ್ತೆ" ಎನ್ನುತ್ತಿದ್ದೆ.

"ಮೊದ್ಲು ಟವೆಲ್ ಒಗೆದು ತನ್ನಿ, ಆಮೇಲೆ ನೋಡೋಣ" ಎನ್ನುತ್ತಿದ್ದಳು.

ಇಷ್ಟೇ. ಅವಳು ಬಾರದ ದಿನ ಕಂಡಕ್ಟರು, "ಏನ್ ಮಾರಾಯ, ಟವೆಲ್ ಇವತ್ತು ಹೆಗಲ ಮೇಲೇ ಉಳೀತಲ್ಲ" ಎಂದರೆ ಬಸ್ಸೆಲ್ಲ ನಗುತ್ತಿತ್ತು. ನನಗೆ ಒಳಗೊಳಗೇ ಹಿತವಾಗುತ್ತಿತ್ತು.

ಅವಳಿಗೆ ಕಳಸದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಸೋದರಮಾವ ವಿಚಾರಿಸಲು ನಮ್ಮ ಅಂಗಡಿಗೇ ಬಂದರು. "ಬಸ್ಸಿನವ್ರು ಏನೇನೋ ಹೇಳ್ತಾರೆ. ನಿಮ್ಮಿಬ್ಬರ ಮಧ್ಯೆ ಏನಾದ್ರೂ ಇದ್ಯೋ?" ಎಂದು ನೇರವಾಗಿ ಕೇಳಿದರು. ಇಲ್ಲ ಎನ್ನಬಹುದಿತ್ತು. ಇದೆ ಎಂದು, ಅವಳ ಮನೆಗೆ ಹೋಗಿ ಹೆಣ್ಣು ಕೇಳಬಹುದಿತ್ತು. ನಾನು ತಲೆ ತಗ್ಗಿಸಿ ನಕ್ಕೆ. ಅವರು ಚಪ್ಪಲಿ ಮೆಟ್ಟಿ ಹೊರಟರು.

ಸಂಬಂಧ ಮುರಿಯಿತು. ಅವಳಪ್ಪ ಹೊಲಿಗೆ ಕ್ಲಾಸು ಬಿಡಿಸಿದರು. ಎಷ್ಟೋ ಕಾಲ ಅವಳನ್ನು ನೋಡಲು ಯಾರೂ ಬರಲಿಲ್ಲವಂತೆ. ಕೊನೆಗೆ ಹೆಂಡತಿ ಸತ್ತವರೊಬ್ಬರಿಗೆ ಕೊಟ್ಟರು. ಅಷ್ಟರಲ್ಲಿ ನನ್ನ ಮದುವೆಯೂ ಆಗಿತ್ತು.

ಹೋದ ತಿಂಗಳು ಆಲ್ದೂರಿಗೆ ಹೋದೆ. ಅವಳು, ಈಗ ಅವರು ಎನ್ನಬೇಕು, ಅಲ್ಲೇ ಇದ್ದಾರೆ. ಗಂಡ ತೀರಿಕೊಂಡಿದ್ದಾರೆ. ಸೊಸೆಯ ಜೊತೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಹುಡುಕಿದೆ. "ಆಗ ನಾನು ಆಡಿದ್ದು ಬರೀ ಹುಡುಗಾಟ. ನಿಮಗೆ ತೊಂದರೆ ಆಯ್ತು. ತಪ್ಪಾಯ್ತು" ಎಂದೆ.

ಅವರು ಮಿಷನ್ ನಿಲ್ಲಿಸಿದರು. "ಹುಡುಗಾಟ ನಾನೂ ಆಡಿದ್ದೆ. ಅದ್ರಲ್ಲಿ ತಪ್ಪೇನು? ಅಂಗಡೀಲಿ ಅವ್ರು ಕೇಳಿದಾಗ ನಕ್ಕಿರಂತಲ್ಲ, ಅದು ಯಾಕೆ?"

"ಗೊತ್ತಿಲ್ಲ" ಎಂದೆ.

"ಆ ನಗುವಿಗೆ ಅರ್ಥ ಇದೆ ಅಂತ ನಾನು ಸುಮಾರು ದಿನ ಕಾದೆ. ನೀವು ಮನೆಗೆ ಬಂದು ಕೇಳ್ತೀರಿ ಅಂತ." ಹೊಲಿಯುತ್ತಿದ್ದ ಬಟ್ಟೆಯ ದಾರ ಕತ್ತರಿಸಿ, "ಯಾಕೆ ನಕ್ಕಿದ್ದು ಅಂತ ಗೊತ್ತಾದ ದಿನ ಬನ್ನಿ. ತಪ್ಪಾಯ್ತು ಅನ್ನೋದನ್ನ ಆಗ ಹೇಳಿ" ಎಂದರು.

ಸೊಸೆ ತಂದ ಕಾಫಿ ಕುಡಿದು ಎದ್ದೆ.

ಮತ್ತೆ ಹೋಗಿಲ್ಲ. ಒಂದು ದಿನ ಸಂಕೋಚಕ್ಕೆ ನಕ್ಕೆ ಅನಿಸುತ್ತದೆ. ಇನ್ನೊಂದು ದಿನ, ಅವಳು ನನ್ನವಳೆಂದು ಊರು ನಂಬಿತಲ್ಲ, ಆ ಜಂಬಕ್ಕೆ ನಕ್ಕೆ ಅನಿಸುತ್ತದೆ. ಎರಡನೆಯದೇ ನಿಜ ಅನ್ನಿಸಿದ ದಿನ ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸ್ ಬರುತ್ತೇನೆ.