ಮಾಂಜ್ರಾ ನಡುಗಡ್ಡೆಯ ಕೈಫಿಯತ್ತು

ನನ್ನ ಬಲಗೈಯ ನಡುಬೆರಳಿನ ಮೇಲೆ ಲೇಖನಿ ಒತ್ತಿ ಒತ್ತಿ ಎದ್ದ ಗಂಟೊಂದು ಇಂದಿಗೂ ಇದೆ. ಮೊಮ್ಮಗಳು ಅದನ್ನು ಮುಟ್ಟಿ ನೋಡಿ, "ಅಜ್ಜಾ, ನೋವಾಗ್ತದೇನ್ರಿ?" ಎಂದು ಕೇಳುತ್ತಾಳೆ. ಇಲ್ಲ, ಗೆಳೆಯರೇ, ನೋವಾಗುವುದಿಲ್ಲ. ನನಗೆ ನೋವಾಗದಂತೆ ಬರೆಯುವುದನ್ನು ನಾನು ಬಹಳ ಬೇಗ ಕಲಿತಿದ್ದೆ. ನನ್ನ ಬರವಣಿಗೆಯಿಂದ ಏನಾದರೂ ನೋವಾಗಿದ್ದರೆ ಅದು ಬೇರೆಯವರಿಗೆ. ಅಂಥದೊಂದು ಸಂಗತಿಯನ್ನು ಈಗ ನಿಮ್ಮೆದುರು ಒಪ್ಪಿಕೊಳ್ಳಬೇಕೆಂದಿದ್ದೇನೆ.

ನಾನು ಭಾಲ್ಕಿಯವನು. ಬೀದರಿನಲ್ಲಿ ಉರ್ದು ಕಲಿತು, ದುಂಡಗಿನ ಅಕ್ಷರವೊಂದನ್ನೇ ಬಂಡವಾಳವಾಗಿ ಹಿಡಿದು, ಔರಾದದ ತಹಶೀಲು ಕಚೇರಿಯಲ್ಲಿ ಮುನ್ಶಿಯಾಗಿ ಸೇರಿದ್ದೆ. ನಿಜಾಮ ಸರಕಾರದ ಆ ಕಾಲದಲ್ಲಿ ಬರೆದದ್ದು ನಿಜವೋ ಸುಳ್ಳೋ ಎಂದು ನೋಡುವವರು ಕಡಿಮೆ. ಅಕ್ಷರ ಮುತ್ತಿನಂತಿದೆಯೇ ಎಂದು ನೋಡುವವರೇ ಹೆಚ್ಚು. ನನ್ನ ಅಕ್ಷರ ಮುತ್ತಿನಂತೆಯೇ ಇತ್ತು. ಮುಂದಿನ ಅನರ್ಥಕ್ಕೆಲ್ಲ ಅದೇ ಮೂಲ.

ಒಂದು ವರ್ಷ ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಾಗ ಹೈದರಾಬಾದಿನಿಂದ ಒಂದು ಸರಕಾರಿ ಪತ್ರ ಬಂತು. ಉಷ್ಣವಲಯದ ಸಮುದ್ರಗಳ ನಡುವಿನ ದ್ವೀಪಗಳಲ್ಲಿ ವರ್ಷಗಟ್ಟಲೆ ಅಲೆದು, ಅಲ್ಲಿಯ ಪ್ರಾಣಿಪಕ್ಷಿಗಳನ್ನೂ ಅವುಗಳ ನೆಲೆಗಳನ್ನೂ ಅಭ್ಯಾಸ ಮಾಡಿದ ಪರದೇಶದ ಪಂಡಿತನೊಬ್ಬ ರಾಜಧಾನಿಯಲ್ಲಿ ಅತಿಥಿಯಾಗಿದ್ದನಂತೆ. ನಾಲ್ಕೂ ಕಡೆ ನೀರಿನ ಬೇಲಿಯಿದ್ದಲ್ಲಿ ಜೀವಿಗಳು ತಮ್ಮದೇ ರೀತಿಯಲ್ಲಿ ಬೆಳೆಯುತ್ತವೆ, ಹಾರುವುದನ್ನೇ ಮರೆತ ಹಕ್ಕಿಗಳು ಅಲ್ಲಿ ಸಿಗುತ್ತವೆ ಎಂದು ಅವನು ಔತಣವೊಂದರಲ್ಲಿ ಹೇಳಿದನಂತೆ. ಪಕ್ಕದಲ್ಲಿ ಕುಳಿತು ಬಿರಿಯಾನಿ ತಿನ್ನುತ್ತಿದ್ದ ದೊಡ್ಡ ಅಧಿಕಾರಿಯೊಬ್ಬರಿಗೆ, ನಮ್ಮ ಸಂಸ್ಥಾನದಲ್ಲಿ ದ್ವೀಪಗಳಿಲ್ಲವೆನ್ನುವುದು ಮಾನಹಾನಿಯ ಮಾತೆನಿಸಿತು. ಹನಿ ಸಮುದ್ರವೂ ಇಲ್ಲದ ಸಂಸ್ಥಾನದ ತಾಲೂಕು ತಾಲೂಕಿಗೂ ಪ್ರಶ್ನೆ ಹೊರಟಿತು: ನಿಮ್ಮಲ್ಲಿ ದ್ವೀಪಗಳೆಷ್ಟು? ಅವುಗಳಲ್ಲಿರುವ ಪ್ರಾಣಿಗಳಾವುವು? ಪತ್ರದ ಜೊತೆ ಅಂದವಾಗಿ ಗೆರೆ ಎಳೆದ ತಖ್ತೆಯೂ ಇತ್ತು: ಜೀವಿಯ ಹೆಸರು, ನೆಲೆ, ಆಹಾರ, ಸ್ವಭಾವ.

ತಹಶೀಲ್ದಾರ ಸಾಹೇಬರು ಒಳ್ಳೆಯವರು. ಬಿಸಿಲಿಗೆ ಮಾತ್ರ ಹೊರಬರುತ್ತಿರಲಿಲ್ಲ. ಅವರು ಪತ್ರವನ್ನು ನಮ್ಮ ಪೇಶ್ಕಾರ ಮಾಣಿಕರಾಯರ ಕಡೆ ಸರಿಸಿದರು. ಪೇಶ್ಕಾರರೆಂದರೆ ಸಾಹೇಬರಿಗೆ ಕಾಗದಗಳನ್ನು ಓದಿ ಹೇಳುವವರು. ಆದ್ದರಿಂದ ಕಚೇರಿಯ ನಿಜವಾದ ಯಜಮಾನರು.

"ದ್ವೀಪ ಇಲ್ಲಂತ ಬರದು ಕಳಿಸಿದ್ರ ಆಗಲ್ಲೇನ್ರಿ?" ಎಂದು ಕೇಳಿದೆ.

ಮಾಣಿಕರಾಯರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಇಲ್ಲಂತ ಬರದ್ರ, ಯಾಕ ಇಲ್ಲ ಅಂತ ಇನ್ನೊಂದು ಪತ್ರ ಬರ್ತದ ತಮ್ಮಾ. ಅದ ಅಂತ ಬರಿ. ಮೊದಲು ಹೋಗಿ ಹುಡುಕು."

ಹೀಗೆ ನಾನು ದ್ವೀಪಶೋಧಕನಾದೆ. ಗಾಡಿಯಲ್ಲಿ ಕುಲುಕುತ್ತ ಮಾಂಜ್ರಾ ಹೊಳೆಯ ದಂಡೆಗೆ ಬಂದೆ. ಬೇಸಿಗೆಯಲ್ಲಿ ಹೊಳೆ ಬಡವಾಗಿ ಎರಡು ಎಳೆಯಾಗಿ ಹರಿಯುತ್ತಿತ್ತು. ಎಳೆಗಳ ನಡುವೆ ಉದ್ದಕ್ಕೆ ಮಲಗಿದ ಒಂದು ಉಸುಕಿನ ದಿಬ್ಬ. ಮಳೆಗಾಲದಲ್ಲಿ ಅದು ನೀರಿನಡಿ ಇರುತ್ತದೆ, ಬೇಸಿಗೆಯಲ್ಲಿ ಮೊಣಕಾಲು ನೀರು ದಾಟಿ ಅಲ್ಲಿಗೆ ಹೋಗಬಹುದು. ಆದರೂ ಸುತ್ತ ನೀರಿತ್ತು. ಸರಕಾರಕ್ಕೆ ಅಷ್ಟು ಸಾಕು. ಧೋತರ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ನಾನು ನನ್ನ ದ್ವೀಪಕ್ಕೆ ಪದಾರ್ಪಣೆ ಮಾಡಿದೆ.

"ಅಲ್ಲೇ ನಿಲ್ರಿ! ಕಾಲ ಬುಡಕ ನೋಡ್ಕೊಳ್ರಿ!"

ಕಲ್ಲಂಗಡಿ ಬಳ್ಳಿಗಳ ನಡುವಿನಿಂದ ಎದ್ದು ನಿಂತು ಕೂಗಿದ ಮುದುಕಿಯ ಹೆಸರು ಗುಂಡಮ್ಮ. ದಂಡೆಯ ಮೇಲಿನ ಊರಿನವಳು. ಗಂಡ ತೀರಿದ ಮೇಲೂ ಪ್ರತಿ ಬೇಸಿಗೆ ಉಸುಕಿನಲ್ಲಿ ಗುಳಿ ತೋಡಿ, ಗೊಬ್ಬರ ಹಾಕಿ, ಕಲ್ಲಂಗಡಿ ಬೆಳೆಯುತ್ತಿದ್ದಳು. ಅಲ್ಲೇ ಒಂದು ಜೋಪಡಿಯಲ್ಲಿ ಇರುತ್ತಿದ್ದಳು. ನಾನು ಕಾಲ ಬುಡಕ್ಕೆ ನೋಡಿದೆ. ಬರಿಯ ಉಸುಕಿನ ಮೇಲೆ, ಉಸುಕಿನದೇ ಬಣ್ಣದ ಮೂರು ಚುಕ್ಕಿ ಮೊಟ್ಟೆಗಳು. ಇನ್ನೊಂದು ಹೆಜ್ಜೆಯಿಟ್ಟಿದ್ದರೆ ಸರಕಾರಿ ಸಂಶೋಧನೆ ಅಲ್ಲಿಗೇ ಮುಗಿಯುತ್ತಿತ್ತು. ತಲೆಯ ಮೇಲೆ ಹಳದಿ ಕೊಕ್ಕಿನ, ಕರಿಟೊಪ್ಪಿಗೆಯ ಬೂದು ಹಕ್ಕಿಗಳು ಕಿರುಚುತ್ತ ಎರಗುತ್ತಿದ್ದವು.

"ಇವು ಯಾವ ಹಕ್ಕಿ, ಯವ್ವಾ?"

"ಹೊಳಿ ಹಕ್ಕಿರಿ. ನನಕಿಂತ ಮೊದಲಿಂದ ಇಲ್ಲೇ ಅದಾವ. ಅದಕ್ಕ ಆ ಕಡಿ ಉಸುಕು ಅವಕ್ಕ ಬಿಟ್ಟೀನಿ, ಈ ಕಡಿ ಬಳ್ಳಿ ನಂದು. ನಾಯಿ ಸಾಕಿಲ್ಲರಿ, ತತ್ತಿ ತಿಂತಾವ. ಸಂಜಿಮುಂದ ನರಿ ನೀರು ದಾಟಿ ಬರ್ತಾವ, ಡಬ್ಬಿ ಬಡದು ಓಡಸ್ತೇನಿ."

"ಹುಲಿ, ಚಿರತಿ ಏನರ ಬರ್ತಾವೇನು?"

"ಹುಲಿಗಿ ಉಸುಕಿನಾಗ ಏನು ಕೆಲಸ ಸಾಹೇಬ್ರ? ನಿಮಗಾದ್ರ ಏನು ಕೆಲಸ?"

ಅವಳು ಕೊಯ್ದು ಕೊಟ್ಟ ಕಲ್ಲಂಗಡಿಯನ್ನು ತಿಂದು, ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಯಾವ ಹಕ್ಕಿ ಯಾವಾಗ ಕಾವಿಗೆ ಕೂರುತ್ತದೆ, ಮಧ್ಯಾಹ್ನದ ಬಿಸಿಲಿಗೆ ತಾಯಿಹಕ್ಕಿ ಹೊಟ್ಟೆ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ಹೇಗೆ ತಂಪಾಗಿಡುತ್ತದೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಆ ಪರದೇಶದ ಪಂಡಿತ ಏಳು ಸಮುದ್ರ ದಾಟಿ ಕಲಿತದ್ದನ್ನು ಇವಳು ಮೊಣಕಾಲು ನೀರು ದಾಟಿ ಕಲಿತಿದ್ದಳು.

ಕಚೇರಿಗೆ ಬಂದು ಕೈಫಿಯತ್ತು ಬರೆಯಲು ಕುಳಿತಾಗ ನನ್ನ ತಪ್ಪು ನಡೆಯಿತು. ಯಾರೂ ನನ್ನ ಕೈ ಹಿಡಿದು ಬರೆಯಿಸಲಿಲ್ಲ. ಹಕ್ಕಿ, ಉಸುಕು, ನೀಲಿ ನೀರು ಇವೆಲ್ಲ ಸಾಲಿನಲ್ಲಿ ಚೆನ್ನಾಗಿ ಕೂರುತ್ತಿದ್ದವು. ಗೊಬ್ಬರದ ಗುಳಿಯೂ ಹರಕು ಸೀರೆಯ ಮುದುಕಿಯೂ ಕೂರುತ್ತಿರಲಿಲ್ಲ. ಅವಳನ್ನು ಬಿಟ್ಟು, "ಮನುಷ್ಯನ ನೆರಳೂ ಸೋಕದ ನಿರ್ಮಲ ನಡುಗಡ್ಡೆ" ಎಂದು ಬರೆದೆ. ಉರ್ದುವಿನಲ್ಲಿ ಆ ವಾಕ್ಯ ಇನ್ನೂ ಸೊಗಸಾಗಿ ಬಂದಿತ್ತು. ಮಾಣಿಕರಾಯರು ಎರಡು ಸಲ ಓದಿ ತಲೆದೂಗಿದರು. ಸಾಹೇಬರು ಒಮ್ಮೆಯೂ ಓದದೆ ಸಹಿ ಮಾಡಿದರು.

ಊರಬಾವಿಗೆ ಕಟ್ಟೆ ಕಟ್ಟಿಸಲು ವರ್ಷಾನುಗಟ್ಟಲೆ ತೆಗೆದುಕೊಳ್ಳುತ್ತಿದ್ದ ಸರಕಾರ ಈ ಸಲ ಎಂಟೇ ದಿನಗಳಲ್ಲಿ ಉತ್ತರಿಸಿತು. ನಡುಗಡ್ಡೆಯನ್ನು ನೋಡಲು ಪಂಡಿತರು ಬರುತ್ತಾರೆ. ಅದು ನಿರ್ಜನವೆಂದು ವರದಿಯಾಗಿರುವುದರಿಂದ ನಿರ್ಜನವಾಗಿಯೇ ಇರತಕ್ಕದ್ದು. ಯಾರಾದರೂ ಕಂಡರೆ ಅವರು ಅತಿಕ್ರಮಣಕಾರರು, ಕೂಡಲೇ ಹೊರಹಾಕತಕ್ಕದ್ದು.

ಹುಕುಮನ್ನು ಓದಿ ಹೇಳಲು ನನ್ನನ್ನೇ ಕಳಿಸಿದರು. ಜೊತೆಗೆ ಇಬ್ಬರು ಚಪರಾಸಿಗಳು. ಗುಂಡಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೇಳಿದಳು.

"ಇಲ್ಲಿ ಯಾರೂ ಇಲ್ಲಂತ ಬರದವರು ಯಾರ್ರಿ?"

ನಾನು ಹೊಳೆಯ ಕಡೆ ನೋಡಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಅವಳಿಗೆ ಉತ್ತರ ಸಿಕ್ಕಿತೆಂದು ನನಗೆ ತಿಳಿಯಿತು. ಬೈಯಲಿಲ್ಲ. ಜೋಪಡಿಯ ಗಡಿಗೆ, ಕೌದಿ, ಕುಡುಗೋಲು ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ನೀರಿಗಿಳಿದಳು. ಅರ್ಧ ದಾರಿಯಲ್ಲಿ ತಿರುಗಿ ನಿಂತು ಚಪರಾಸಿಗಳಿಗೆ, "ಸಂಜಿಮುಂದ ಡಬ್ಬಿ ಬಡೀರಪ್ಪಾ, ಮರೀಬ್ಯಾಡ್ರಿ" ಎಂದಳು.

ಚಪರಾಸಿಗಳು ಕಲ್ಲಂಗಡಿಗಳನ್ನು ಶ್ರದ್ಧೆಯಿಂದ ಕಾದರು, ಅಂದರೆ ತಿಂದರು. ಡಬ್ಬಿ ಬಡಿಯುವುದು ಹುಕುಮಿನಲ್ಲಿ ಇರಲಿಲ್ಲ. ನಾನು ಮಾಣಿಕರಾಯರಿಗೆ ಹೇಳಿ ನೋಡಿದೆ. "ಡಬ್ಬಿ ಬಡಿಯೂದಕ್ಕ ಬ್ಯಾರೆ ಮಂಜೂರಿ ಬೇಕು, ಅದು ಬರೂದ್ರಾಗ ಮಳೆಗಾಲ ಬರ್ತದ" ಎಂದರು. ಅವರು ಹೇಳಿದ್ದು ಸತ್ಯವೇ.

ಪಂಡಿತ ಬಂದ. ಎತ್ತರದ, ಮೂಗಿನ ತುದಿ ಸುಲಿದ, ಹಳೆಯ ಟೋಪಿಯ ಮನುಷ್ಯ. ಹಿಂದೆ ಡೇರೆ, ಕುರ್ಚಿಗಳು, ಹೈದರಾಬಾದಿನ ದುಭಾಷಿ ಮತ್ತು ಮೊದಲ ಬಾರಿಗೆ ಬಿಸಿಲು ಕಂಡ ನಮ್ಮ ಸಾಹೇಬರು. ನಡುಗಡ್ಡೆಯ ಮೇಲೆ ಒಂದು ಹಕ್ಕಿಯೂ ಇರಲಿಲ್ಲ. ಮೊಟ್ಟೆಯ ಚಿಪ್ಪುಗಳು ಚೆಲ್ಲಿದ್ದವು. ಉಸುಕಿನ ತುಂಬ ನರಿಯ ಹೆಜ್ಜೆ.

ಅವನು ಕುರ್ಚಿಯನ್ನು ಒಲ್ಲದೆ ಮಂಡಿಯೂರಿ ಬಹಳ ಹೊತ್ತು ನೋಡಿದ. ಒಡೆದ ಗೂಡುಗಳ ಅಂಚಿನಲ್ಲಿ ಹಾವಿನಂತೆ ಬಾಗಿ ಬಾಗಿ ಹೋದ ಕಾಲುದಾರಿಯನ್ನು ಬೆರಳಿನಿಂದ ತೋರಿಸಿ ಏನೋ ಕೇಳಿದ. ದುಭಾಷಿ ಉರ್ದುವಿನಲ್ಲಿ ಹೇಳಿದ: "ಇಲ್ಲಿ ಯಾರೋ ದಿನಾಲೂ ನಡೆದಿದ್ದಾರೆ. ಒಂದು ಗೂಡನ್ನೂ ತುಳಿದಿಲ್ಲ. ಯಾರು ಅವರು?"

"ಯಾರೂ ಇಲ್ಲ, ಇದು ನಿರ್ಜನ ದ್ವೀಪ" ಎಂದರು ಸಾಹೇಬರು, ತಾವು ಓದದ ನನ್ನ ವಾಕ್ಯವನ್ನು ನಂಬಿ. ಮಾಣಿಕರಾಯರು ನನ್ನ ಅಂಗಿಯ ತುದಿಯನ್ನು ಹಿಂದಿನಿಂದ ಜಗ್ಗಿದರು. ಸುಮ್ಮನಿರು ಎಂದರ್ಥ. ಬಾಯಿಬಿಟ್ಟರೆ ನೌಕರಿ ಹೋಗಬಹುದಿತ್ತು. ಆದರೆ ಆ ಕಾಲುದಾರಿ ನನ್ನ ಕಣ್ಣೆದುರೇ ಇತ್ತು. ಅದನ್ನು ಓದಲು ಯಾವ ಭಾಷೆಯೂ ಬೇಕಿರಲಿಲ್ಲ.

"ಒಬ್ಬ ಮುದುಕಿ ಇದ್ದಳು. ವಾಕ್ಯ ಚೆಂದವಾಗಲೆಂದು ನಾನು ಅವಳನ್ನು ಬಿಟ್ಟೆ" ಎಂದೆ.

ಪಂಡಿತ ಅವಳನ್ನು ನೋಡಬೇಕೆಂದ. ಗುಂಡಮ್ಮ ಬಂದಳು, ಚಿಪ್ಪುಗಳನ್ನು ಕಂಡಳು, ಉಸುಕಿನಲ್ಲಿ ಕುಸಿದು ಕೂತಳು. ಅವನು ಎದುರಿಗೆ ಕೂತ. ಅವನ ಮಾತು ದುಭಾಷಿಗೆ, ದುಭಾಷಿಯದು ನನಗೆ, ನನ್ನದು ಅವಳಿಗೆ ದಾಟುತ್ತಿತ್ತು. ಅವಳ ಮೊದಲ ಮಾತು, "ಓದಿದವರು ಇಷ್ಟು ಮಂದಿ ಇದ್ದೀರಿ, ಒಂದು ಡಬ್ಬಿ ಬಡಿಯಾಕ ಬರಲಿಲ್ಲೇನ್ರಿ?" ಎಂಬುದು. ಅದನ್ನು ಒಂದಕ್ಷರ ಬಿಡದೆ ಉರ್ದುವಿಗೆ ದಾಟಿಸಿದೆ. ನನ್ನ ಜೀವಮಾನದ ಪ್ರಾಮಾಣಿಕ ಅನುವಾದ ಅದೊಂದೇ. ಪಂಡಿತ ತನ್ನ ಪುಸ್ತಕದಲ್ಲಿ ಸಂಜೆಯವರೆಗೆ ಬರೆದುಕೊಂಡ. ಹೊರಡುವ ಮುನ್ನ, ಈ ಹೆಂಗಸು ಇಲ್ಲಿಯೇ ಇರಬೇಕು ಎಂದು ಸಾಹೇಬರಿಗೆ ಹೇಳಿಹೋದ.

ಈಗ ಕಚೇರಿಗೆ ಹೊಸ ಸಂಕಟ. ಅವಳಿರಬೇಕಾದರೆ ತಖ್ತೆಯಲ್ಲಿರಬೇಕು, ತಖ್ತೆಯಲ್ಲಿ ಮನುಷ್ಯರಿಗೆ ಜಾಗವಿರಲಿಲ್ಲ. ಮಾಣಿಕರಾಯರು ಎರಡು ದಿನ ಯೋಚಿಸಿ, "ಹಕ್ಕಿ ಕೆಳಗ ಬರಿ" ಎಂದರು. ಬರೆದೆ. ಹೆಸರು: ಗುಂಡಮ್ಮ. ನೆಲೆ: ಉಸುಕು. ಆಹಾರ: ಜೋಳದ ರೊಟ್ಟಿ, ಪುಂಡಿಪಲ್ಯ. ಸ್ವಭಾವ: ನರಿಗಳನ್ನು ಓಡಿಸುವುದು. ಸಾಹೇಬರು ಸಹಿ ಮಾಡಿದರು, ಹೈದರಾಬಾದು ಮಂಜೂರು ಮಾಡಿತು. ನನಗೆ ಶಿಕ್ಷೆಯೆಂದು ಭಾಲ್ಕಿಗೆ ವರ್ಗವಾಯಿತು. ಅದು ನನ್ನ ಸ್ವಂತ ಊರೆಂಬುದನ್ನು ಯಾರೂ ನೋಡಿರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ರಜೆ ಹಾಕಿ ಹೊಳೆಗೆ ಹೋದೆ. ಹಕ್ಕಿಗಳು ಬಂದಿದ್ದವು, ಮೊದಲಿನಷ್ಟಲ್ಲ, ಆದರೂ ನನ್ನ ತಲೆಗೆ ಎರಗುವಷ್ಟು. ಗುಂಡಮ್ಮ ಬಳ್ಳಿಗೆ ನೀರು ಹಾಕುತ್ತಿದ್ದಳು. ತಖ್ತೆಯ ವಿಷಯವನ್ನು ನಾಚಿಕೆಯಿಂದಲೇ ಹೇಳಿದೆ.

"ಹಕ್ಕಿ ಸಾಲಿನಾಗ ಬರದೀರೇನ್ರಿ?" ಎಂದಳು. ಸ್ವಲ್ಪ ಯೋಚಿಸಿದಳು. "ಇರಲಿ ಬಿಡ್ರಿ, ನರಿ ಸಾಲಿನಾಗ ಬರದಿಲ್ಲಲ್ಲ."

ಆಮೇಲೆ ಕೊಡ ಕೆಳಗಿಟ್ಟು ಕೇಳಿದಳು. "ಸಾಹೇಬ್ರ, ನಿಮ್ಮ ಹೆಸರು ಯಾವ ಸಾಲಿನಾಗ ಅದರಿ?"

ನಾನು ನಕ್ಕೆ. ಅವಳು ನಗಲಿಲ್ಲ, ಉತ್ತರಕ್ಕಾಗಿ ಕಾಯುತ್ತಿದ್ದಳು.