ಫರೀದಾಬಾದಿನ ತಾರಸಿಯ ಮೇಲೆ ಉತ್ತರ ದಿಕ್ಕು

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಐದು ಮಕ್ಕಳನ್ನು ಕರೆದುಕೊಂಡು ಕರೋಲ್ ಬಾಗಿನಿಂದ ಫರೀದಾಬಾದಿಗೆ ಹೊರಟೆ. ಇಲ್ಲಿನ ಕನ್ನಡ ಕುಟುಂಬಗಳ ಮಕ್ಕಳಿಗೆ ನಾನು ವಾರಕ್ಕೊಮ್ಮೆ ಪಾಠ ಹೇಳುತ್ತೇನೆ. ಎಲ್ಲರೂ ಎರಡನೇ ತರಗತಿಯವರು. ದಿಕ್ಕುಗಳ ಪಾಠ ನಡೆದಿತ್ತು. ಗೋಡೆಯ ನಕ್ಷೆಯಲ್ಲಿ ಉತ್ತರವನ್ನು ಮೇಲ್ಗಡೆ ನೋಡಿ ಕಲಿತದ್ದರಿಂದ, ಉತ್ತರ ಎಲ್ಲಿದೆ ಎಂದರೆ ಅವರು ಸೀಲಿಂಗ್ ಫ್ಯಾನಿನ ಕಡೆ ಕೈ ತೋರಿಸುತ್ತಿದ್ದರು. ನೆರಳಿನಿಂದ ತಿಳಿಸೋಣವೆಂದರೆ ನಮ್ಮ ಗಲ್ಲಿಗೆ ಬಿಸಿಲೇ ಇಳಿಯುವುದಿಲ್ಲ. ಫರೀದಾಬಾದಿನಲ್ಲಿರುವ ಗೆಳತಿ ನಫೀಸಾ ತನ್ನ ತಾರಸಿಗೆ ಬರಹೇಳಿದಳು.

ಮಂಡಿ ಹೌಸಿನಲ್ಲಿ ಮೆಟ್ರೊ ಬದಲಿಸಿದೆವು. ಸುರಂಗ ಮುಗಿದು ಗಾಡಿ ಮೇಲೆ ಬಂದಾಗ ಕಿಟಕಿಯಾಚೆ ಮಂಜು ಬಿಟ್ಟು ಏನೂ ಕಾಣಲಿಲ್ಲ. ಒಂದು ಗಂಟೆಗೂ ಹೆಚ್ಚಿನ ದಾರಿ. ನಿಲ್ದಾಣದಿಂದ ಇ-ರಿಕ್ಷಾ ಹಿಡಿದು, ಕಾರ್ಖಾನೆಗಳ ಸಾಲು ದಾಟಿ ಅವಳ ಮನೆ ಮುಟ್ಟಿದೆವು.

ನಫೀಸಾ ಹಾಸನದವಳು, ಇಲ್ಲಿ ಇಂಜಿನಿಯರ್. ಬಿಸಿ ಉಪ್ಪಿಟ್ಟು ಮಾಡಿಟ್ಟಿದ್ದಳು. ತಿಂದು, ಬಿಸಿಲಿಗಾಗಿ ಕಾದೆವು. ಮಧ್ಯಾಹ್ನದ ಹೊತ್ತಿಗೆ ಮಂಜು ಕರಗಿತು. ತಾರಸಿಯ ನಡುವೆ ಕೋಲು ನಿಲ್ಲಿಸಿ, ನಡುಹಗಲಿನ ನೆರಳು ಬಿದ್ದ ಕಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅದೇ ಉತ್ತರ ಎಂದೆ. ದೂರದಲ್ಲಿರುವ ನಿಮ್ಮವರ ಕಡೆ ಮುಖ ಮಾಡಿ ನಿಲ್ಲಿ ಎಂದಾಗ ನಾಲ್ವರು ಮೈಸೂರು, ಹುಬ್ಬಳ್ಳಿ ಎನ್ನುತ್ತ ದಕ್ಷಿಣಕ್ಕೆ ತಿರುಗಿದರು.

ಪೂವಮ್ಮ ಮಾತ್ರ ಗೆರೆಯ ತುದಿಯನ್ನೇ ನೋಡುತ್ತ ನಿಂತಳು. ಅವಳು ಕೊಡಗಿನ ಕುಟುಂಬದ ಹುಡುಗಿ. ಸೇನೆಯಲ್ಲಿರುವ ಅಪ್ಪ ಗಡಿಗೆ ಹೋಗಿ ಬಹಳ ದಿನವಾಗಿತ್ತು. ಯಾವ ಜಾಗವೆಂದು ಹೇಳುವಂತಿರಲಿಲ್ಲ. ಉತ್ತರದಲ್ಲಿದ್ದಾರೆ ಎಂದಷ್ಟೇ ತಾಯಿ ಮಗಳಿಗೆ ತಿಳಿಸಿದ್ದರು.

"ಮ್ಯಾಮ್, ನಾರ್ತ್ ಊಪರ್ ಇಲ್ವಾ?" ಎಂದು ಆಕಾಶ ತೋರಿಸಿ ಕೇಳಿದಳು. "ತಾತ ಸತ್ತು ಮೇಲೆ ಹೋದ್ರು. ಪಪ್ಪ ಅಲ್ಲಿಲ್ವಾ?"

ನಫೀಸಾ ನನ್ನ ಮುಖ ನೋಡಿದಳು. ನಾನು ಗೆರೆಯ ಪಕ್ಕ ಕುಳಿತೆ.

"ಇಲ್ಲ ಪುಟ್ಟಾ. ಉತ್ತರ ನೆಲದ ಮೇಲೇ ಇದೆ. ಪಪ್ಪ ಇರೋದು ಈ ಕಡೆ."

"ರಸ್ತೆ ಇದೆಯಾ?"

"ಇದೆ. ತುಂಬಾ ದೂರ, ಆದ್ರೆ ಇದೆ."

"ಅಚ್ಛಾ," ಎಂದು ಅವಳು ಗೆರೆಯ ಮೇಲೆ ನಡೆದು, ಅದು ಮುಗಿದ ಮೇಲೂ ಮುಂದೆ ಹೋಗಿ ಗೋಡೆಗೆ ಎದೆಯಾನಿಸಿ ನಿಂತಳು. ಊಟಕ್ಕೆ ಎರಡು ಸಲ ಕರೆಯಬೇಕಾಯಿತು.

ಸಂಜೆ ಮೆಟ್ರೊದಲ್ಲಿ ಹಿಂದಿರುಗುವಾಗ ಉಳಿದ ನಾಲ್ವರೂ ನಿದ್ದೆಹೋದರು. ಗಾಡಿ ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ಪೂವಮ್ಮ ಕೇಳಿದಳು. ಉತ್ತರಕ್ಕೆ ಎಂದೆ. ಆಮೇಲೆ ಅವಳು ಸೀಟಿನಲ್ಲಿ ಕೂರಲಿಲ್ಲ. ಕಂಬ ಹಿಡಿದು ಗಾಡಿ ಹೋಗುವ ಕಡೆಗೇ ಮುಖ ಮಾಡಿ ನಿಂತಿದ್ದಳು.

ಮಂಡಿ ಹೌಸಿನಲ್ಲಿ ಇಳಿಯಬೇಕಿತ್ತು. ಇಲ್ಲಿಂದ ನಾವು ಪಶ್ಚಿಮಕ್ಕೆ ಹೋಗಬೇಕೆಂದು ತಿಳಿಸಿದೆ. ಅವಳು ಕಂಬ ಬಿಡಲು ತುಸು ತಡಮಾಡಿದಳು, ಅಳಲಿಲ್ಲ. ಬಾಗಿಲು ಮುಚ್ಚಿ, ಗಾಡಿ ನಮ್ಮನ್ನು ಬಿಟ್ಟು ಉತ್ತರಕ್ಕೆ ಹೊರಟಿತು. ಕೊನೆಯ ಬೋಗಿ ಸುರಂಗದೊಳಗೆ ಮರೆಯಾಗುವವರೆಗೂ ಪೂವಮ್ಮ ಕೈ ಬೀಸುತ್ತಿದ್ದಳು.